ಕೊಟ್ಟ ಮಾತಿನ ಋಣ: ಸಿಂಗಪುರದ ವರ್ತಕ ಟಾನ್ ಕಾ ಕೀ

ಮನುಷ್ಯನು ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ನಮ್ಮ ಹಿರಿಯರು ಹೇಳಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಯಜ್ಞದಿಂದ ಮೊದಲನೆಯದೂ, ಅಧ್ಯಯನದಿಂದ ಎರಡನೆಯದೂ, ಸಂತಾನದಿಂದ ಮೂರನೆಯದೂ ತೀರುವುವೆಂಬುದು ಶಾಸ್ತ್ರದ ಮತ. ಈ ಮಾತನ್ನು ಶಾಸ್ತ್ರಮುಖದಿಂದ ಕೇಳಿರದ ಚೀನೀ ವರ್ತಕನೊಬ್ಬನು ತಂದೆಯ ಸಾಲವನ್ನೂ, ವಿದ್ಯೆಗೆಂದು ತಾನಾಡಿದ ಮಾತನ್ನೂ ಒಂದೇ ಖಾತೆಯಲ್ಲಿ ಬರೆದುಕೊಂಡವನಂತೆ ತನ್ನ ಆಯುಷ್ಯವನ್ನು ಕಳೆದನು. ಸಾಮಾನ್ಯವಾಗಿ ದಾನವೆಂದರೆ ತಮಗೆ ಸಾಕಾಗಿ ಮಿಕ್ಕುದನ್ನು ಪರರಿಗೆ ಕೊಡುವುದು. ಮಿಗದಿದ್ದರೆ ಕೊಡುವ ಹಂಗೂ ಇಲ್ಲ. ಈತನಾದರೋ, ಕೊಡುವೆನೆಂದು ಒಮ್ಮೆ ಬಾಯಿಂದ ಬಂದ ಹಣವನ್ನು ತನ್ನದೆಂದು ಎಣಿಸಲಿಲ್ಲ. ಅದು ಸಾಲ, ತೀರಿಸಲೇಬೇಕಾದುದು ಎಂದು ಬಗೆದನು. ಅವನ ಕೀರ್ತಿಗೂ ಕಷ್ಟಕ್ಕೂ ಈ ಒಂದು ನಿಷ್ಠೆಯೇ ಮೂಲ. ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಈತನ ಹೆಸರು ಟಾನ್ ಕಾ ಕೀ. ಇದು ಅವನ ಊರಿನ ಹೊಕ್ಕಿಯೆನ್ ಮಾತಿನ ಉಚ್ಚಾರಣೆ. ಚೀನಾದೇಶದ ರಾಜಭಾಷೆಯಲ್ಲಿ ಅದೇ ಹೆಸರನ್ನು ಚೆನ್ ಜ್ಯಾಗೆಂಗ್ ಎನ್ನುವರು. 1874ನೆಯ ಇಸವಿ ಅಕ್ಟೋಬರ್ 21ರಂದು ಚೀನಾದ ಆಗ್ನೇಯ ಕರಾವಳಿಯಲ್ಲಿರುವ ಫುಜಿಯಾನ್ ಪ್ರಾಂತದ ಜಿಮೆಯ್ ಎಂಬ ಗ್ರಾಮದಲ್ಲಿ ಇವನು ಜನಿಸಿದನು. ಪೂರ್ವದಲ್ಲಿ ಅಮಾಯ್ ಎಂದು ಹೆಸರಾಗಿ ಈಗ ಷಿಯಾಮೆನ್ ಎನಿಸಿಕೊಂಡಿರುವ ದ್ವೀಪಪಟ್ಟಣಕ್ಕೆ ಎದುರಾಗಿ, ಕಡಲ ಅಂಚಿನಲ್ಲಿ ಆ ಗ್ರಾಮವಿದೆ. ಬೆಟ್ಟಗಳು ಹೆಚ್ಚು, ಉಳುವ ಭೂಮಿ ಕಡಿಮೆ. ಆದುದರಿಂದ ಆ ಕರಾವಳಿಯ ಗಂಡಸರು ತಲೆತಲಾಂತರದಿಂದ ಹಡಗನ್ನೇರಿ ದಕ್ಷಿಣ ಸಮುದ್ರದ ನಾಡುಗಳಿಗೆ ಹೊಟ್ಟೆಪಾಡಿಗಾಗಿ ಹೋಗುತ್ತಿದ್ದರು. ಟಾನನ ತಂದೆಯೂ ಹಾಗೆ ಹೋಗಿ, ಸಿಂಗಪುರದಲ್ಲಿ ಅಕ್ಕಿಯ ವ್ಯಾಪಾರವನ್ನು ನಡೆಸುತ್ತಿದ್ದನು. ಊರಿನ ಮಠದಲ್ಲಿ ಹಳೆಯ ಕ್ರಮದ ಅಲ್ಪಸ್ವಲ್ಪ ಓದನ್ನು ಮುಗಿಸಿದ ಮಗನು 1890ರಲ್ಲಿ, ಇನ್ನೂ ಹದಿನಾರು ತುಂಬುವ ವಯಸ್ಸಿನಲ್ಲಿ, ಕಡಲನ್ನು ದಾಟಿ ತಂದೆಯ ಅಂಗಡಿಯನ್ನು ಸೇರಿದನು.

ಹುಡುಗನು ಮಿತಭಾಷಿ, ದುಡಿಮೆಗಾರ. ಕೆಲವೇ ವರ್ಷಗಳಲ್ಲಿ ಅಂಗಡಿಯ ಭಾರವೆಲ್ಲ ಅವನ ಮೇಲೆ ಬಿದ್ದಿತು. ಇಪ್ಪತ್ತರ ಪ್ರಾಯದಲ್ಲಿ, ಎಂದರೆ 1894ರಲ್ಲಿ, ತಾನು ಕೂಡಿಟ್ಟಿದ್ದ 2,000 ಡಾಲರುಗಳನ್ನು ಕೊಟ್ಟು ಸ್ವಗ್ರಾಮದಲ್ಲಿ ಒಂದು ಸಣ್ಣ ಪಾಠಶಾಲೆಯನ್ನು ಸ್ಥಾಪಿಸಿದನು. ವೈದ್ಯರಿಲ್ಲದ ಹಳ್ಳಿಗಳ ಜನರಿಗೆ ಉಪಯೋಗವಾಗಲೆಂದು, ಅನುಭವದಿಂದ ಗುಣ ಕಂಡ ಮದ್ದುಗಳ ಪುಸ್ತಕವೊಂದನ್ನು ಅಚ್ಚುಹಾಕಿಸಿ ಧರ್ಮಾರ್ಥವಾಗಿ ಹಂಚಿದುದೂ ಅವನ ಆರಂಭದ ಕೆಲಸಗಳಲ್ಲೊಂದು. ಆಗ ಅವನು ಧನಿಕನಾಗಿರಲಿಲ್ಲ. ಅಂಗಡಿಯೂ ಅವನದಲ್ಲ, ತಂದೆಯದು. ಐಶ್ವರ್ಯವು ಬಂದ ಮೇಲೆ ಔದಾರ್ಯವು ಬಂದಿತೆಂದು ಈತನ ವಿಷಯದಲ್ಲಿ ಹೇಳುವಂತಿಲ್ಲವೆಂಬುದಕ್ಕೆ ಇಷ್ಟೇ ಸಾಕು.

ಇನ್ನು ಅವನ ಸತ್ತ್ವವನ್ನು ಒರೆಗೆ ಹಚ್ಚಿದ ಸಂದರ್ಭವನ್ನು ಹೇಳುವೆವು. ತಾಯಿಯು ತೀರಿಹೋದುದರಿಂದ ಸ್ವಗ್ರಾಮಕ್ಕೆ ಹೋಗಿದ್ದ ಟಾನನು 1903ರಲ್ಲಿ ಸಿಂಗಪುರಕ್ಕೆ ಮರಳಿ ಬಂದು ನೋಡಿದಾಗ, ತಂದೆಯ ವ್ಯಾಪಾರವು ದುಂದಿನಿಂದಲೂ ಅಜಾಗರೂಕತೆಯಿಂದಲೂ ಕೆಟ್ಟು, 2 ಲಕ್ಷ ಡಾಲರುಗಳಿಗೂ ಮಿಕ್ಕಿದ ಸಾಲವು ತಲೆಯ ಮೇಲೆ ನಿಂತಿದ್ದಿತು. ತಂದೆಯ ಸಾಲವನ್ನು ಮಗನು ತೀರಿಸಬೇಕೆಂಬ ಕಟ್ಟು ಆ ವಸಾಹತಿನ ಆಂಗ್ಲ ಕಾನೂನಿನಲ್ಲಿ ಇರಲಿಲ್ಲ. ಅವನು ಕೈಝಾಡಿಸಿ ಎದ್ದು ಹೊಸ ಅಂಗಡಿಯನ್ನಿಟ್ಟಿದ್ದರೆ ಯಾವ ನ್ಯಾಯಸ್ಥಾನವೂ ಅವನನ್ನು ಕೇಳುತ್ತಿರಲಿಲ್ಲ. ಆದರೂ ಟಾನನು ಆ ಋಣವನ್ನು ತನ್ನದೆಂದು ಒಪ್ಪಿಕೊಂಡನು. 1904ರಲ್ಲಿ 7,000 ಡಾಲರುಗಳ ಬಂಡವಾಳದಿಂದ ಅನಾನಸು ಹಣ್ಣನ್ನು ಡಬ್ಬಿಗಳಲ್ಲಿ ತುಂಬುವ ಒಂದು ಸಾಧಾರಣ ಕಾರ್ಖಾನೆಯನ್ನು ತೆರೆದು, ಅದರ ಲಾಭದಿಂದ ಮೊದಲು ತನ್ನ ಕಾಲ ಮೇಲೆ ನಿಂತು, ಸಾಲಗಾರರೊಡನೆ ಒಡಂಬಡಿಕೆ ಮಾಡಿಕೊಂಡು 1907ರ ವೇಳೆಗೆ ತಂದೆಯ ಲೆಕ್ಕವನ್ನು ಚುಕ್ತಾ ಮಾಡಿದನು. ಈ ಸುದ್ದಿಯು ಪೇಟೆಯಲ್ಲೆಲ್ಲ ಹಬ್ಬಿತು. ವರ್ತಕನಿಗೆ ನಂಬಿಕೆಗಿಂತ ದೊಡ್ಡ ಬಂಡವಾಳವುಂಟೆ? ಮುಂದೆ ಬ್ಯಾಂಕುಗಳೂ ವ್ಯಾಪಾರಿಗಳೂ ಅವನ ಮಾತಿನ ಮೇಲೆ ಹಣವನ್ನು ಕೊಡಲು ಹಿಂಜರಿಯದಿದ್ದುದಕ್ಕೆ ಈ ಘಟನೆಯೇ ಬೀಜವೆನ್ನಬಹುದು.

ಅವನ ಸಂಪತ್ತು ಬೆಳೆದ ಬಗೆಯನ್ನೂ ಸ್ವಲ್ಪ ತಿಳಿಯುವುದು ಯುಕ್ತ. 1906ರಲ್ಲಿ ಅವನು ಮಲಾಕಾ ಪ್ರಾಂತದ ತೋಟಗಾರನೊಬ್ಬನಿಂದ 1,80,000 ರಬ್ಬರು ಬೀಜಗಳನ್ನು ಕೊಂಡು ತಂದು, ತನ್ನ ಅನಾನಸು ತೋಟದ ಸಾಲುಗಳ ನಡುವೆ ನೆಡಿಸಿದನು. ಮೋಟಾರು ಗಾಡಿಗಳು ಜಗತ್ತಿನಲ್ಲಿ ಹೆಚ್ಚುತ್ತಿದ್ದ ಕಾಲವದು; ರಬ್ಬರಿಗೆ ಚಿನ್ನದ ಬೆಲೆ ಬಂದಿತು. ಮೊದಲನೆಯ ಮಹಾಯುದ್ಧದಲ್ಲಿ ಹಡಗುಗಳ ಅಭಾವವುಂಟಾದಾಗ ಹಡಗುಗಳನ್ನು ಬಾಡಿಗೆಗೆ ಹಿಡಿದೂ ಕೊಂಡೂ ನಡೆಯಿಸಿ ಮತ್ತಷ್ಟು ಗಳಿಸಿದನು. ಅಷ್ಟಕ್ಕೆ ನಿಲ್ಲದೆ, ಹಸಿ ರಬ್ಬರನ್ನು ಪರದೇಶಕ್ಕೆ ಮಾರಿ ಅದರಿಂದಾದ ಸಾಮಾನನ್ನು ಮತ್ತೆ ಕೊಳ್ಳುವುದೇಕೆಂದು, ಪಾದರಕ್ಷೆ, ಟಯರು ಮೊದಲಾದ ವಸ್ತುಗಳನ್ನು ಸಿಂಗಪುರದಲ್ಲಿಯೇ ಮಾಡಿಸತೊಡಗಿದನು. 1925ರ ಸುಮಾರಿಗೆ ಅವನ ಉದ್ಯಮವು ಶಿಖರಕ್ಕೇರಿ, ಸಾವಿರಾರು ಜನರು ಅವನಲ್ಲಿ ಕೆಲಸಕ್ಕಿದ್ದರು. ಮಲಯದ ರಬ್ಬರಿನ ಐಶ್ವರ್ಯವೆಲ್ಲ ಕೂಲಿಕಾರರ ಬೆವರಿನಿಂದ ಬಂದುದೆಂಬುದನ್ನೂ, ಆ ನಾಡಿನ ತೋಟಗಳಲ್ಲಿ ನಮ್ಮ ದಕ್ಷಿಣ ಭಾರತದಿಂದ ಹೋದ ತಮಿಳು ಮತ್ತು ತೆಲುಗು ಜನರು ಬಹುಸಂಖ್ಯೆಯಲ್ಲಿ ದುಡಿದರೆಂಬುದನ್ನೂ ಚರಿತ್ರೆಯನ್ನು ಓದುವವರು ಮರೆಯಲಾಗದು.

ಈಗ ಜಿಮೆಯ್ ಗ್ರಾಮದ ಕಡೆಗೆ ತಿರುಗೋಣ. ಚೀನಾದಲ್ಲಿ 1911ರ ಕ್ರಾಂತಿಯಾಗಿ ಚಕ್ರವರ್ತಿಯ ಪ್ರಭುತ್ವವು ಅಳಿದ ಬಳಿಕ ಟಾನನು ಊರಿಗೆ ಹೋದನು. ಸುತ್ತಣ ಹಳ್ಳಿಗಳಲ್ಲಿ ಸಂಚರಿಸಿದಾಗ, ದೊಡ್ಡ ಹುಡುಗರು ಶಾಲೆಯಿಲ್ಲದೆ, ಮೈಮೇಲೆ ಬಟ್ಟೆಯೂ ಇಲ್ಲದೆ, ಗುಂಪುಗೂಡಿ ಜೂಜಾಡುತ್ತಿದ್ದುದನ್ನು ಕಂಡು ಅವನ ಮನಸ್ಸು ಕಲಕಿತು. ಹೀಗೆಯೇ ಬಿಟ್ಟರೆ ಕೆಲವು ತಲೆಗಳಲ್ಲಿ ಈ ಪ್ರದೇಶವು ಕಾಡಾಗುವುದೆಂದು ಅವನಿಗೆ ತೋರಿತು. ಸ್ವಗ್ರಾಮದಲ್ಲಿ ಕಷ್ಟವು ಬೇರೊಂದು ತೆರನಾಗಿತ್ತು. ಗ್ರಾಮದವರೆಲ್ಲ ಒಂದೇ ವಂಶದವರು. ಆದರೆ ಕವಲು ಕವಲಾಗಿ ಒಡೆದು, ಪರಸ್ಪರ ಹೊಡೆದಾಟಗಳಲ್ಲಿ ಪ್ರಾಣಗಳನ್ನೂ ಕಳೆದುಕೊಂಡಿದ್ದವರು. ಪ್ರತಿಯೊಂದು ಕವಲಿಗೂ ತನ್ನದೇ ಒಂದು ಸಣ್ಣ ಮಠ. ಒಂದರ ಮಕ್ಕಳು ಮತ್ತೊಂದರ ಬಾಗಿಲನ್ನು ತುಳಿಯುವಂತಿರಲಿಲ್ಲ. ಟಾನನು ಹಿರಿಯರನ್ನೆಲ್ಲ ಕೂಡಿಸಿ, ಒಬ್ಬೊಬ್ಬರಿಗೂ ಹೇಳಿ ಒಪ್ಪಿಸಿ, ಆ ಮಠಗಳನ್ನು ಮುಚ್ಚಿಸಿ ಎಲ್ಲರಿಗೂ ಒಂದೇ ಶಾಲೆಯನ್ನು 1913ರಲ್ಲಿ ತೆರೆದನು. ಮೊದಲು ವಂಶದ ಗುಡಿಯಲ್ಲಿ ಪಾಠಗಳು ನಡೆದುವು. ಕಟ್ಟಡಕ್ಕೆ ನೆಲವನ್ನು ಕೊಡಲು ಯಾರೂ ಮುಂದೆ ಬರಲಿಲ್ಲ. ಆಗ ಅವನು ಊರಿನ ಒಂದು ಮೀನಿನ ಕೊಳವನ್ನು ಕ್ರಯಕ್ಕೆ ಕೊಂಡು, ಅದನ್ನು ಮಣ್ಣಿನಿಂದ ತುಂಬಿಸಿ, ಅದರ ಮೇಲೆ ಶಾಲೆಯನ್ನು ಎಬ್ಬಿಸಿದನು. ಒಬ್ಬರ ಪಾಲಿನ ನೆಲದಲ್ಲಿ ನಿಲ್ಲದ ಶಾಲೆಯು ಕೊಳದ ಮೇಲೆ ನಿಂತು ಎಲ್ಲರದಾಯಿತು.

ಆ ಶಾಲೆಯೊಂದರಿಂದ ಒಂದು ವಿದ್ಯಾಗ್ರಾಮವೇ ಬೆಳೆಯಿತು. ಟಾನನ ತಮ್ಮನು ಊರಿನಲ್ಲಿದ್ದು ಕೆಲಸವನ್ನು ನೋಡಿಕೊಂಡನು. ಅಣ್ಣನು ಸಿಂಗಪುರದಿಂದ ಹಣವನ್ನು ಕಳುಹಿಸಿದನು. 1917ರಲ್ಲಿ ಹೆಣ್ಣುಮಕ್ಕಳ ಶಾಲೆ, 1918ರಲ್ಲಿ ಉಪಾಧ್ಯಾಯರನ್ನು ತಯಾರು ಮಾಡುವ ಪಾಠಶಾಲೆ ಮತ್ತು ಮಾಧ್ಯಮಿಕ ಶಾಲೆ, 1920ರಲ್ಲಿ ಮೀನುಗಾರಿಕೆಯ ಶಾಲೆ ಮತ್ತು ವಾಣಿಜ್ಯ ಶಾಲೆ, 1926ರಲ್ಲಿ ಕೃಷಿ ಮತ್ತು ಅರಣ್ಯವಿದ್ಯೆಯ ಶಾಲೆ, ಹೀಗೆ ಒಂದೊಂದಾಗಿ ಹುಟ್ಟಿದುವು. ಇವುಗಳ ಕ್ರಮದಲ್ಲಿಯೇ ಅವನ ಆಲೋಚನೆಯು ಗೋಚರಿಸುತ್ತದೆ. ಶಾಲೆಗಳನ್ನು ಕಟ್ಟಿದರೆ ಉಪಾಧ್ಯಾಯರೆಲ್ಲಿ? ಆದುದರಿಂದ ಉಪಾಧ್ಯಾಯರಾಗಲು ಬರುವ ಬಡ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಊಟ ವಸತಿಗಳನ್ನು ಕಲ್ಪಿಸಿದನು. ಕಡಲಿನ ಮಕ್ಕಳು ಕಲಿತು ಕಡಲನ್ನು ಬಿಟ್ಟುಹೋಗಬೇಕೆ? ಆದುದರಿಂದ ಮೀನುಗಾರಿಕೆಯ ವಿದ್ಯೆ. ಸೇನಾಪತಿಗಳು ಪ್ರಾಂತಗಳನ್ನು ಹಂಚಿಕೊಂಡು ಕಾದಾಡುತ್ತಿದ್ದ ಆ ದುಷ್ಕಾಲದಲ್ಲಿ, 1923ರಲ್ಲಿ ಸನ್ ಯಾತ್ ಸೆನ್ನನ ಸರಕಾರವು ಜಿಮೆಯ್ ಗ್ರಾಮವನ್ನು ಶಾಶ್ವತ ಶಾಂತಿಯ ವಿದ್ಯಾಗ್ರಾಮವೆಂದು ಮನ್ನಿಸಿತು. ಹಿಂದೆ ದಾಯಾದಿಗಳು ಬಡಿದಾಡಿದ ನೆಲಕ್ಕೆ ಈ ಹೆಸರು ಬಂದುದು ಸಣ್ಣ ವಿಷಯವಲ್ಲ.

ಸಿಂಗಪುರದಲ್ಲಿಯೂ ಇದೇ ಒಡಕು ಬೇರೊಂದು ರೂಪದಲ್ಲಿ ಇದ್ದಿತು. ಅಲ್ಲಿಯ ಚೀನೀಯರು ಹೊಕ್ಕಿಯೆನ್, ತಿಯೋಚೂ, ಕಾಂಟನೀಸ್, ಹಕ್ಕಾ, ಹೈನಾನೀಸ್ ಎಂದು ಮಾತಿನ ಮೇಲೆ ಪಂಗಡಗಳಾಗಿದ್ದರು. ಪಂಗಡಕ್ಕೊಂದು ಸಂಘ, ಗುಡಿ, ಶ್ಮಶಾನ ಮತ್ತು ಶಾಲೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಪ್ರಾಥಮಿಕ ಶಾಲೆಗಳಿದ್ದರೂ ಮುಂದಣ ಓದಿಗೆ ಮಾಧ್ಯಮಿಕ ಶಾಲೆಯೊಂದಿರಲಿಲ್ಲ. ಅಷ್ಟು ದೊಡ್ಡ ಭಾರವನ್ನು ಒಂದು ಪಂಗಡವು ಹೊರುವಂತೆಯೂ ಇರಲಿಲ್ಲ. ಟಾನನು 1918ರಲ್ಲಿ ಬೇರೆಬೇರೆ ಶಾಲೆಗಳ ಆಡಳಿತದವರನ್ನು ಒಂದೆಡೆಗೆ ಕರೆದು ವಿಚಾರವನ್ನು ಮುಂದಿಟ್ಟನು. 1919ನೆಯ ಮಾರ್ಚಿಯಲ್ಲಿ ಎಲ್ಲ ಪಂಗಡಗಳ ಮಕ್ಕಳಿಗೂ ತೆರೆದ ಚೀನೀ ಮಾಧ್ಯಮಿಕ ಶಾಲೆಯು ಪ್ರಾರಂಭವಾಯಿತು. ಯಾವ ಪಂಗಡದ ಮಾತೂ ಅಲ್ಲದ ರಾಜಭಾಷೆಯಲ್ಲಿ ಅಲ್ಲಿ ಪಾಠಗಳು ನಡೆದುವು. 1929ರಲ್ಲಿ ಅವನು ಹೊಕ್ಕಿಯೆನ್ ಸಂಘದ ಅಧ್ಯಕ್ಷನಾಗಿ ಇಪ್ಪತ್ತು ವರ್ಷಗಳ ಕಾಲ ಅದನ್ನು ನಡೆಸಿ, ಗುಡಿಯ ಉತ್ಸವ ಮತ್ತು ಶವಸಂಸ್ಕಾರದ ಆಡಂಬರಗಳಲ್ಲಿ ಪೋಲಾಗುವ ಹಣವು ಮಕ್ಕಳ ಓದಿಗೆ ತಿರುಗಬೇಕೆಂದು ಯತ್ನಿಸಿದನು. 1917ರಲ್ಲಿ ತಿಯೆಂತ್ಸಿನ್ ಪ್ರದೇಶಕ್ಕೆ ಜಲಪ್ರಳಯವಾದಾಗಲೂ, 1928ರಲ್ಲಿ ಷಾಂಟುಂಗ್ ಪ್ರಾಂತದ ಜನರು ಸಂಕಟಕ್ಕೀಡಾದಾಗಲೂ ನಿಧಿಯನ್ನು ಕೂಡಿಸಲು ನಿಂತವರಲ್ಲಿ ಇವನೇ ಮುಂದಾಳು.

ಅವನ ಜೀವನದ ಮಹಾಸಾಹಸವು ಷಿಯಾಮೆನ್ ವಿಶ್ವವಿದ್ಯಾನಿಲಯ. ಫುಜಿಯಾನ್ ಪ್ರಾಂತದಲ್ಲಿ ಉನ್ನತ ವಿದ್ಯೆಗೆ ಕೊರತೆಯಿದೆಯೆಂಬ ಕೊರಗಿನಿಂದ 1919ರಲ್ಲಿ ಅವನು ಅಮಾಯ್ ಪಟ್ಟಣದಲ್ಲಿ ಸಭೆಯನ್ನು ಕೂಡಿಸಿ, ಸ್ಥಾಪನೆಗೆ 10 ಲಕ್ಷ ಯುವಾನ್‌ಗಳನ್ನೂ, ಹನ್ನೆರಡು ವರ್ಷಗಳ ನಿತ್ಯವೆಚ್ಚಕ್ಕೆ 30 ಲಕ್ಷ ಯುವಾನ್‌ಗಳನ್ನೂ ತಾನೊಬ್ಬನೇ ಕೊಡುವುದಾಗಿ ವಾಗ್ದಾನ ಮಾಡಿದನು. ಆಗಿನ ಅವನ ಒಟ್ಟು ಆಸ್ತಿಯೇ ಹೆಚ್ಚುಕಡಿಮೆ ಅಷ್ಟಿದ್ದಿತೆಂದು ಹೇಳುವರು. 1921ನೆಯ ಏಪ್ರಿಲ್ 6ರಂದು ವಿಶ್ವವಿದ್ಯಾನಿಲಯವು ಪ್ರಾರಂಭವಾಯಿತು. ವೀರ ಕೊಕ್ಸಿಂಗನು ಹದಿನೇಳನೆಯ ಶತಮಾನದಲ್ಲಿ ಸೈನ್ಯಕ್ಕೆ ಕವಾಯತು ಮಾಡಿಸಿದ ಮೈದಾನದಲ್ಲಿ ಅದೇ ವರ್ಷ ಕಟ್ಟಡಗಳಿಗೆ ಅಸ್ತಿಭಾರವನ್ನಿಟ್ಟರು. ಸಿಂಗಪುರದ ವೈದ್ಯನೂ ಪಂಡಿತನೂ ಆದ ಲಿಮ್ ಬೂನ್ ಕೆಂಗ್ ಎಂಬಾತನು ಅದರ ಅಧ್ಯಕ್ಷನಾಗಿ 1937ರ ವರೆಗೆ ನಡೆಸಿದನು. ಚೀನಾದ ಪ್ರಖ್ಯಾತ ಲೇಖಕ ಲು ಷುನ್ 1926ರಲ್ಲಿ ಅಲ್ಲಿಗೆ ಅಧ್ಯಾಪಕನಾಗಿ ಬಂದನು. ಆದರೆ ಅಲ್ಲಿಯ ರೀತಿನೀತಿಗಳು ಹಿಡಿಸದೆ ಕೆಲವೇ ತಿಂಗಳುಗಳಲ್ಲಿ ಬಿಟ್ಟುಹೋದನು. ಎಲ್ಲವೂ ಸುಗಮವಾಗಿ ನಡೆಯಿತೆಂದು ನಾವು ಭಾವಿಸಬಾರದು.

ಟಾನನು ಒಂದು ಲೆಕ್ಕದಲ್ಲಿ ತಪ್ಪಿದನು. ತಾನು ಮೊದಲು ಕೈಯಿಟ್ಟರೆ ಉಳಿದ ಧನಿಕರು ತಾವಾಗಿ ಮುಂದೆ ಬರುವರೆಂದು ಅವನು ನಂಬಿದ್ದನು. ಪರದೇಶಗಳಲ್ಲಿದ್ದ ಕೋಟ್ಯಧೀಶರಾದ ಸ್ವದೇಶೀಯರ ಬಾಗಿಲುಗಳಿಗೆ ಹೋಗಿ ಕೇಳಿದನು; ಬರಿಗೈಯಲ್ಲಿ ಮರಳಿದನು. ವಿಶ್ವವಿದ್ಯಾನಿಲಯದ ಭಾರವೆಲ್ಲ ಒಂದೇ ಹೆಗಲ ಮೇಲೆ ನಿಂತಿತು. ಅಷ್ಟರಲ್ಲಿ ರಬ್ಬರಿನ ಬೆಲೆಯು ಇಳಿಯತೊಡಗಿ, 1929ರ ಜಗದ್ವ್ಯಾಪಿಯಾದ ಮುಗ್ಗಟ್ಟಿನಲ್ಲಿ ನೆಲಕ್ಕೆ ಬಿದ್ದಿತು. 1931ರಲ್ಲಿ ಅವನ ಉದ್ಯಮವು ಸಾಲ ಕೊಟ್ಟ ಬ್ಯಾಂಕುಗಳ ಹತೋಟಿಗೆ ಒಳಪಟ್ಟ ಕಂಪೆನಿಯಾಯಿತು. ಶಾಲೆಗಳಿಗೆ ಕೊಡುವ ಹಣವನ್ನು ನಿಲ್ಲಿಸಿದರೆ ವ್ಯಾಪಾರವು ಉಳಿದೀತೆಂಬ ಹಿತೋಪದೇಶಗಳು ನಾನಾ ಕಡೆಗಳಿಂದ ಬಂದುವು. ಟಾನನು ಒಪ್ಪಲಿಲ್ಲ. ವ್ಯಾಪಾರವು ಮುಚ್ಚಿದರೆ ಮತ್ತೆ ತೆರೆಯಬಹುದು, ಒಮ್ಮೆ ಮುಚ್ಚಿದ ಶಾಲೆಯನ್ನು ತೆರೆಯುವುದು ಸುಲಭವಲ್ಲ ಎಂಬುದು ಅವನ ವಾದದ ಸಾರ. ಸಿಂಗಪುರದಲ್ಲಿದ್ದ ತನ್ನ ದೊಡ್ಡ ಮನೆಗಳನ್ನೂ ಮಾರಿ ವಿಶ್ವವಿದ್ಯಾನಿಲಯಕ್ಕೆ ಹಣವನ್ನು ಕಳುಹಿಸಿದನೆಂದು ಅವನ ದೇಶದವರು ಇಂದಿಗೂ ಹೇಳಿಕೊಳ್ಳುವರು. 1934ರಲ್ಲಿ ಕಂಪೆನಿಯು ಮುಚ್ಚಿತು. ಅವನ ಅರುವತ್ತನೆಯ ವರ್ಷದಲ್ಲಿ, ಮೂವತ್ತು ವರ್ಷಗಳ ಗಳಿಕೆಯು ಹೀಗೆ ಕರಗಿಹೋಯಿತು.

ಇಲ್ಲಿ ವಿಚಾರವಂತರಾದ ವಾಚಕರಿಗೆ ಒಂದು ಸಂದೇಹವು ಹುಟ್ಟಬಹುದು. ಕೈಕೆಳಗಿನ ಸಾವಿರಾರು ಕೆಲಸಗಾರರ ಜೀವನವು ಆ ಉದ್ಯಮವನ್ನೇ ಅವಲಂಬಿಸಿದ್ದಾಗ, ಮಾತಿನ ಹಠದಿಂದ ಅದನ್ನು ಬಲಿಗೊಟ್ಟುದು ವಿವೇಕವೆ? ಪ್ರಶ್ನೆಯು ನ್ಯಾಯವಾದುದೇ. ಉದ್ಯಮವು ಬಿದ್ದುದಕ್ಕೆ ಜಗತ್ತಿನ ಮುಗ್ಗಟ್ಟು ಪ್ರಧಾನ ಕಾರಣ. ಸಾಲದಿಂದ ಬೆಳೆಸಿದ ವಿಸ್ತಾರವು ಎರಡನೆಯದು. ದಾನವು ಹೊರೆಯನ್ನು ಹೆಚ್ಚಿಸಿದುದೂ ನಿಜ. ಆದರೆ ನಮಗೆ ತೋರುವ ದೋಷವು ಅವನು ಕೊಟ್ಟುದರಲ್ಲಿಲ್ಲ, ಒಬ್ಬನೇ ಕೊಡಬೇಕಾಗಿ ಬಂದುದರಲ್ಲಿದೆ. ಜಿಮೆಯ್‌ನಲ್ಲಿ ಒಡೆದ ಕವಲುಗಳನ್ನು ಕೂಡಿಸಿದವನು, ಸಿಂಗಪುರದಲ್ಲಿ ಐದು ಪಂಗಡಗಳನ್ನು ಒಂದು ಶಾಲೆಗೆ ತಂದವನು, ವಿಶ್ವವಿದ್ಯಾನಿಲಯದ ವಿಷಯದಲ್ಲಿ ಮಾತ್ರ ಒಂಟಿಯಾದನು. ಒಂದು ಕೈಯ ದಾನವು ಆ ಕೈಗೆ ಬಲವಿರುವ ತನಕ ನಡೆಯುವುದು. 1937ರಲ್ಲಿ ಅವನು ವಿಶ್ವವಿದ್ಯಾನಿಲಯವನ್ನು ಯಾವ ಪ್ರತಿಫಲವನ್ನೂ ಬೇಡದೆ ರಾಷ್ಟ್ರಸರಕಾರಕ್ಕೆ ಒಪ್ಪಿಸಿದನು. ಹನ್ನೆರಡು ವರ್ಷಗಳಿಗೆ ಮಾತು ಕೊಟ್ಟವನು ಹದಿನಾರು ವರ್ಷ ನಡೆಸಿಕೊಟ್ಟಿದ್ದನು. ಆದರೂ ಆರಂಭಿಸಿದುದನ್ನು ಕಡೆಯ ತನಕ ತಾನೇ ನಡೆಸಲಾಗಲಿಲ್ಲವೆಂಬ ನೋವು ಅವನಿಗೆ ಉಳಿಯಿತು.

ಸಂಪತ್ತನ್ನು ಕಳೆದುಕೊಂಡ ಮೇಲೆ ಅವನ ಮಾತಿನ ತೂಕವು ಕಡಿಮೆಯಾಯಿತೇ ಎಂದರೆ, ಇಲ್ಲ. 1937ರಲ್ಲಿ ಜಪಾನು ಚೀನಾದ ಮೇಲೆ ಬಿದ್ದಾಗ, ದಕ್ಷಿಣ ಸಮುದ್ರದ ನಾಡುಗಳ ಚೀನೀಯರೆಲ್ಲ 1938ರಲ್ಲಿ ಸಿಂಗಪುರದಲ್ಲಿ ಕೂಡಿ ಒಂದು ಪರಿಹಾರ ಮಂಡಲವನ್ನು ಸ್ಥಾಪಿಸಿ, ಟಾನನನ್ನೇ ಅದರ ಅಧ್ಯಕ್ಷನನ್ನಾಗಿ ಆರಿಸಿದರು. ಅವನಲ್ಲಿ ಆಗ ಕೋಟಿಯಿರಲಿಲ್ಲ. ಲೆಕ್ಕದಲ್ಲಿ ಕಾಸು ತಪ್ಪದೆಂಬ ನಂಬಿಕೆಯಿದ್ದಿತು. ರಿಕ್ಷಾ ಎಳೆಯುವವರೂ ಬೀದಿಯಲ್ಲಿ ತಿಂಡಿ ಮಾರುವವರೂ ತಿಂಗಳು ತಿಂಗಳು ತಮ್ಮ ಪಾಲನ್ನು ತಂದು ಹಾಕಿದರು. 1939ರಲ್ಲಿ ಅವನ ಕರೆಯನ್ನು ಮನ್ನಿಸಿ ಸುಮಾರು 3,200 ಮಂದಿ ಮೋಟಾರು ಚಾಲಕರೂ ಯಂತ್ರಕಾರರೂ ಬರ್ಮಾ ದೇಶದಿಂದ ಚೀನಾಕ್ಕೆ ಹೋಗುವ ದುರ್ಗಮವಾದ ಬೆಟ್ಟದ ರಸ್ತೆಯಲ್ಲಿ ಸಾಮಗ್ರಿಗಳನ್ನು ಸಾಗಿಸಲು ಹೋದರು. ಅವರಲ್ಲಿ ಅನೇಕರು ಮರಳಲಿಲ್ಲ. ಒಂದು ಕೈಯ ದಾನವು ಸೋತ ಕಡೆಯಲ್ಲಿ ಸಾವಿರ ಕೈಗಳ ದಾನವು ಗೆದ್ದಿತು. 1942ರಲ್ಲಿ ಸಿಂಗಪುರವು ಜಪಾನೀಯರ ವಶವಾದಾಗ ಟಾನನು ಜಾವಾದ್ವೀಪಕ್ಕೆ ಪಾರಾಗಿ, ಯುದ್ಧವು ಮುಗಿಯುವ ತನಕ ಅಲ್ಲಿ ಅಡಗಿದ್ದನು. ಹಳೆಯ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ಪಣವಾಗಿಟ್ಟು ಅವನನ್ನು ಕಾಪಾಡಿದರು. ಜಿಮೆಯ್‌ನ ಶಾಲೆಗೆ ಕೊಟ್ಟುದು ಜಾವಾದಲ್ಲಿ ಹೀಗೆ ಸಂದಿತು. ಆ ಅಜ್ಞಾತವಾಸದಲ್ಲಿಯೇ ಅವನು ತನ್ನ ನೆನಪುಗಳ ಗ್ರಂಥವನ್ನು ಬರೆದನು. ಅದು 1946ರಲ್ಲಿ ಪ್ರಕಟವಾಯಿತು.

1950ರಲ್ಲಿ ಅವನು ಸಿಂಗಪುರವನ್ನು ಬಿಟ್ಟು ಚೀನಾದೇಶಕ್ಕೆ ಮರಳಿ, ಜಿಮೆಯ್‌ನಲ್ಲಿ ನೆಲೆಸಿದನು. ಅವನ ರಾಜಕೀಯ ನಿಲುವುಗಳ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಅದು ಈ ಲೇಖನದ ವಸ್ತುವಲ್ಲ. ಯುದ್ಧದಲ್ಲಿ ಹಾಳಾಗಿದ್ದ ಶಾಲೆಗಳನ್ನು ಮೊದಲು ಕಟ್ಟಿಸಿ, ಬಾಂಬುಗಳಿಂದ ಕೆಟ್ಟಿದ್ದ ಸ್ವಂತ ಮನೆಯನ್ನು ಕಡೆಗೆ ಬಿಟ್ಟನು. ಕೆಲಸದ ಸ್ಥಳಕ್ಕೆ ಊರುಗೋಲನ್ನು ಹಿಡಿದು ತಾನೇ ಹೋಗಿ ನೋಡುವನು. ಉಡುವುದು ತೇಪೆ ಹಾಕಿದ ಬಟ್ಟೆ. ಹಿಡಿ ಮುರಿದ ಬಟ್ಟಲೊಂದನ್ನು ಬೋರಲಿಟ್ಟು ಅದರ ಮೇಲೆ ಮೇಣದ ಬತ್ತಿಯನ್ನು ನಿಲ್ಲಿಸಿಕೊಳ್ಳುವನು. ಮಕ್ಕಳಿಗೆ ಹಣವನ್ನು ಕೂಡಿಟ್ಟು ಹೋಗುವುದು ಅವರ ಪುರುಷಾರ್ಥವನ್ನು ಕೆಡಿಸಿದಂತೆ ಎಂಬುದು ಅವನ ದೃಢವಾದ ಮತ. 1961ನೆಯ ಆಗಸ್ಟ್ 12ರಂದು ಪೆಕಿಂಗ್ ನಗರದಲ್ಲಿ ಅವನು ಕಾಲವಾದಾಗ, ಅವನ ಹೆಸರಿನಲ್ಲಿದ್ದ ಹಣದ ಬಹುಭಾಗವು ಜಿಮೆಯ್‌ನ ಶಾಲೆಗಳಿಗೆ ಸಂದಿತು. ಶರೀರವನ್ನು ಸ್ವಗ್ರಾಮಕ್ಕೆ ತಂದು ಕಡಲ ತೀರದಲ್ಲಿ ಸಮಾಧಿ ಮಾಡಿದರು.

ಹಾಗಾದರೆ ಅವನ ಉತ್ತರಾಧಿಕಾರಿಗಳು ಯಾರು? ಅವನಲ್ಲಿ ಕೆಲಸಕ್ಕಿದ್ದು ಅಳಿಯನೂ ಆದ ಲೀ ಕಾಂಗ್ ಚಿಯನ್ ಎಂಬಾತನು ರಬ್ಬರಿನ ವ್ಯಾಪಾರದಲ್ಲಿ ಮಾವನನ್ನು ಮೀರಿ ಬೆಳೆದು, ಷಿಯಾಮೆನ್ ವಿಶ್ವವಿದ್ಯಾನಿಲಯಕ್ಕೆ ನೆರವಾದುದಲ್ಲದೆ, 1952ರಲ್ಲಿ ಒಂದು ಧರ್ಮನಿಧಿಯನ್ನು ಸ್ಥಾಪಿಸಿದನು. ಮಾವನು ಒಬ್ಬಂಟಿಯಾಗಿ ಹೊತ್ತುದನ್ನು ಅಳಿಯನು ವ್ಯಕ್ತಿಯ ಏಳುಬೀಳುಗಳನ್ನು ಅವಲಂಬಿಸದ ಸಂಸ್ಥೆಗೆ ವಹಿಸಿದನು. ಸಿಂಗಪುರದಲ್ಲಿ ಎಲ್ಲರಿಗೂ ಉಚಿತವಾದ ಸಾರ್ವಜನಿಕ ಪುಸ್ತಕಭಂಡಾರವು ಏಳಬೇಕೆಂದು 1953ರಲ್ಲಿ 3,75,000 ಡಾಲರುಗಳನ್ನು ಕೊಡಲೊಪ್ಪಿದವನೂ ಈತನೇ. ಟಾನನ ಕಾರ್ಖಾನೆಯಲ್ಲಿ ದುಡಿದ ಮತ್ತೊಬ್ಬನಾದ ಟಾನ್ ಲಾರ್ಕ್ ಸೈ ಎಂಬಾತನು 1950ರ ದಶಕದಲ್ಲಿ ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಮುಂದಾಳಾದನು. ಅದಕ್ಕೆ ಧನಿಕರೊಂದಿಗೆ ಕೂಲಿಗಳೂ ಗಾಡಿ ಹೊಡೆಯುವವರೂ ಒಂದೊಂದು ದಿನದ ಸಂಪಾದನೆಯನ್ನು ಕೊಟ್ಟರು. ಬಾಗಿಲು ಬಾಗಿಲಿಗೆ ಹೋಗಿ ಬರಿಗೈಯಲ್ಲಿ ಮರಳಿದ್ದವನ ಅಂಗಡಿಯಲ್ಲಿಯೇ ಕೊಡುವವರು ತಯಾರಾಗುತ್ತಿದ್ದರು.

ಷಿಯಾಮೆನ್ ವಿಶ್ವವಿದ್ಯಾನಿಲಯವು ಈಗ ನೂರು ವರ್ಷಗಳನ್ನು ದಾಟಿದೆ. ಜಿಮೆಯ್‌ನ ಕಾಲೇಜುಗಳು 1994ರಲ್ಲಿ ಕೂಡಿ ಮತ್ತೊಂದು ವಿಶ್ವವಿದ್ಯಾನಿಲಯವಾದುವು. ಸಿಂಗಪುರದ ಚೀನೀ ಮಾಧ್ಯಮಿಕ ಶಾಲೆಯು 2005ರಿಂದ ಹ್ವಾ ಚಾಂಗ್ ಎಂಬ ಸಂಸ್ಥೆಯ ಅಂಗವಾಗಿ ನಡೆಯುತ್ತಿದೆ. ಅದರ ಎದುರಿನ ರೈಲುನಿಲ್ದಾಣಕ್ಕೆ ಟಾನನ ಹೆಸರನ್ನೇ ಇಟ್ಟಿದ್ದಾರೆ. ಅವನ ರಬ್ಬರಿನ ಪಾದರಕ್ಷೆಗಳನ್ನು ಇಂದು ಯಾರೂ ತೊಟ್ಟಿಲ್ಲ, ಅವನ ಹಡಗುಗಳು ಕಡಲಿನ ಪಾಲಾದುವು. ಕಳೆದುಕೊಂಡುದೆಲ್ಲ ಅವನು ತನ್ನದೆಂದು ಇಟ್ಟುಕೊಂಡ ಭಾಗ. ಉಳಿದುದೆಲ್ಲ ತನ್ನದಲ್ಲವೆಂದು, ತೀರಿಸಬೇಕಾದ ಸಾಲವೆಂದು ಬರೆದಿಟ್ಟ ಭಾಗ. ನಮ್ಮ ಊರುಗಳಲ್ಲಿಯೂ ಶಾಲೆಗಳ, ವಿದ್ಯಾರ್ಥಿನಿಲಯಗಳ ಕಲ್ಲುಗಳ ಮೇಲೆ ದಾನಿಗಳ ಹೆಸರುಗಳಿರುವುದುಂಟು. ಆ ಕಲ್ಲಿನ ಮುಂದೆ ನಿಂತಾಗ, ಹೆಸರಿನವನು ಎಷ್ಟು ಕೊಟ್ಟನೆಂದು ಕೇಳುವುದರ ಜತೆಗೆ, ಅವನ ಬಳಿಕ ಕೊಡಲು ಎಷ್ಟು ಜನರನ್ನು ಕಲಿಸಿಹೋದನೆಂದೂ ಕೇಳುವುದು ಒಳ್ಳೆಯದು.